ಹಳೆಯ ಸರಕು ವಿಮಾನಗಳ ಮರದ ಮಾದರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಬಿಬವೇವಾಡಿಯಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಡಕೋಟಾ, ಪ್ಯಾಕೆಟ್, ಕ್ಯಾರಿಬೂ ತರಹದ ಹಳೆಯ ಮಿಲಿಟರಿ ಸರಕು ವಿಮಾನಗಳನ್ನು ಮರದಲ್ಲಿ ಕೆತ್ತಿ, ಮೇಜಿನ ಮೇಲೆ ಇಡುವ ಅಳತೆಗೆ ಮಾಡಿಕೊಡುತ್ತೇವೆ. ನಮ್ಮ ಗಿರಾಕಿಗಳಲ್ಲಿ ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಕೊಡಗಿನ ಕನ್ನಡದವರೇ ಜಾಸ್ತಿ. ಎಲ್ಲರೂ ಫೋನಿನಲ್ಲಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಆರ್ಡರ್ ಕೊಡುವ ಮೊದಲು ಒಮ್ಮೆ ಓದಿಕೊಂಡರೆ ಇಬ್ಬರಿಗೂ ಕೆಲಸ ಹಗುರ.

ಯಾವ ಯಾವ ವಿಮಾನ ಮಾಡುತ್ತೀರಿ?

ಭಾರತೀಯ ವಾಯುಪಡೆಯಲ್ಲಿ ಹಾರಿದ ಸರಕು ವಿಮಾನಗಳೇ ನಮ್ಮ ಮುಖ್ಯ ಕೆಲಸ. ಡಗ್ಲಸ್ ಡಕೋಟಾ, ಫೇರ್‌ಚೈಲ್ಡ್ ಸಿ-119 ಪ್ಯಾಕೆಟ್, ಕೆನಡಾದ ಕ್ಯಾರಿಬೂ, ರಷ್ಯಾದಿಂದ ಬಂದ ಎಎನ್-12, ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟಿದ ಆವ್ರೋ 748. ಎಎನ್-32 ಕೂಡ ತುಂಬಾ ಜನ ಕೇಳುತ್ತಾರೆ. ಅದು 1984ರಲ್ಲಿ ಬಂದದ್ದು, ಇನ್ನೂ ಹಾರುತ್ತಿದೆ. ಹಳೆಯದು ಅನ್ನೋಕೆ ನಮಗೆ ಸ್ವಲ್ಪ ಸಂಕೋಚ. ಆದರೆ ಅದರಲ್ಲಿ ದುಡಿದು ನಿವೃತ್ತರಾದವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಹಾಗಾಗಿ ಮಾಡಿಕೊಡುತ್ತೇವೆ.

ಕಾರವಾರದ ಬೀಚ್ ಪಕ್ಕ ನಿಲ್ಲಿಸಿರುವ ಟುಪೊಲೆವ್ 142 ನೋಡಿ ಬಂದವರು 'ಅದನ್ನೂ ಮಾಡಿ' ಎನ್ನುತ್ತಾರೆ. ಅದು ಸರಕು ವಿಮಾನ ಅಲ್ಲ, ಜಲಾಂತರ್ಗಾಮಿ ಹುಡುಕುವ ವಿಮಾನ. ಸದ್ಯಕ್ಕೆ ಮಾಡುತ್ತಿಲ್ಲ.

ಫೈಟರ್ ವಿಮಾನ?

ಇಲ್ಲ. ಮಿಗ್ ಮತ್ತು ಸುಖೋಯ್ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ.

ಆರ್ಡರ್ ಕೊಡುವಾಗ ಮೊದಲು ಏನು ಹೇಳಬೇಕು?

ವರ್ಷ. 'ಒಂದು ಪ್ಯಾಕೆಟ್ ಮಾಡಿ' ಅಂದರೆ ನಮಗೆ ಅರ್ಧ ಮಾತ್ರ ಗೊತ್ತಾದ ಹಾಗೆ. ಸರಕು ವಿಮಾನಗಳು ಮೂವತ್ತು, ನಲವತ್ತು ವರ್ಷ ದುಡಿದವು. ಆ ಅವಧಿಯಲ್ಲಿ ಬಣ್ಣ ಬದಲಾಯಿತು, ಗುರುತು ಬದಲಾಯಿತು, ಎಂಜಿನ್ ಕೂಡ ಬದಲಾಯಿತು.

ಪ್ಯಾಕೆಟ್ ಅನ್ನೇ ನೋಡಿ. 1954ರಲ್ಲಿ ನಮ್ಮ ವಾಯುಪಡೆಗೆ ಬಂದಾಗ ಅದಕ್ಕಿದ್ದದ್ದು ಎರಡು ಪಿಸ್ಟನ್ ಎಂಜಿನ್. ಲಡಾಖ್‌ನಂಥ ಎತ್ತರದ ಜಾಗದಲ್ಲಿ ಗಾಳಿ ತೆಳು, ರನ್‌ವೇ ಗಿಡ್ಡ. ಅಲ್ಲಿ ಆ ಎರಡು ಎಂಜಿನ್ ಸಾಲದು ಎಂದು ಆಮೇಲೆ ವಿಮಾನದ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನ್ ಅದು. ನ್ಯಾಟ್ ಫೈಟರ್‌ಗೂ ಅದೇ ಎಂಜಿನ್. ಹಾಗಾಗಿ ನಿಮ್ಮ ಅಜ್ಜ 1956ರಲ್ಲಿ ಆಗ್ರಾದಲ್ಲಿದ್ದರೆ ಬೆನ್ನ ಮೇಲೆ ಜೆಟ್ ಇಲ್ಲದ ಪ್ಯಾಕೆಟ್ ಬೇಕು. 1970ರಲ್ಲಿದ್ದರೆ ಜೆಟ್ ಇರುವ ಪ್ಯಾಕೆಟ್ ಬೇಕು. ಇದು ತಪ್ಪಿದರೆ ಬೇರೆ ಯಾರಿಗೂ ಗೊತ್ತಾಗದು. ಅಜ್ಜನಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ರೆಕ್ಕೆಯ ಮೇಲಿನ ದುಂಡನೆಯ ಗುರುತಿನದ್ದೂ ಇದೇ ಕತೆ. ಈಗ ನಾವು ನೋಡುವುದು ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಅದು ಬಂದದ್ದು 1950ರಲ್ಲಿ. ಅದಕ್ಕೂ ಮೊದಲು, 1948ರಿಂದ, ಬಿಳಿಯ ಮೇಲೆ ನೀಲಿ ಅಶೋಕ ಚಕ್ರ ಇತ್ತು. 1948ರ ಡಕೋಟಾಕ್ಕೆ ಕೇಸರಿ-ಹಸಿರು ಬಳಿದ ಮಾದರಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ನೋಡಲು ಚೆನ್ನಾಗಿಯೇ ಇರುತ್ತವೆ, ಸುಳ್ಳು ಅಷ್ಟೇ.

ವರ್ಷ ಗೊತ್ತಿಲ್ಲ, ಫೋಟೋನೂ ಇಲ್ಲ. ಏನು ಮಾಡೋದು?

ಏನಿದೆಯೋ ಅದನ್ನು ತನ್ನಿ. ಸರ್ವಿಸ್ ದಾಖಲೆ, ಯಾವ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಅನ್ನುವ ನೆನಪು, ಯಾವ ಊರಿನಲ್ಲಿ ಪೋಸ್ಟಿಂಗ್ ಇತ್ತು ಅನ್ನುವ ಮಾತು, ಇಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಆಗ್ರಾ ಅಂದರೆ ಪ್ಯಾಕೆಟ್ ಇರಬಹುದು. ಚಂಡೀಗಢ, 44 ಸ್ಕ್ವಾಡ್ರನ್ ಅಂದರೆ ಎಎನ್-12. 33 ಸ್ಕ್ವಾಡ್ರನ್ ಅಂದರೆ ಕ್ಯಾರಿಬೂ. ಬಾಲದ ನಂಬರ್ ಒಂದೆರಡು ಅಕ್ಷರ ನೆನಪಿದ್ದರೂ ಸಾಕು. ಪ್ಯಾಕೆಟ್‌ಗಳ ನಂಬರ್ 'ಐಕೆ' ಎಂದು ಶುರುವಾಗುತ್ತಿತ್ತು, ಎಎನ್-12ಗಳದ್ದು 'ಬಿಎಲ್' ಎಂದು.

ಮನೆಯ ಮದುವೆ ಆಲ್ಬಮ್ ಕೂಡ ಒಮ್ಮೆ ತಿರುವಿ ಹಾಕಿ. ಬೆಳಗಾವಿಯ ಒಂದು ಕುಟುಂಬದವರು ಫೋಟೋನೇ ಇಲ್ಲ ಎಂದು ಹೇಳುತ್ತಿದ್ದರು. ಕೊನೆಗೆ ಸಿಕ್ಕಿತು. ಅಪ್ಪ ಮತ್ತು ಗೆಳೆಯರು ಲುಂಗಿ, ಬನಿಯನ್‌ನಲ್ಲಿ ನಿಂತು ಚಹಾ ಕುಡಿಯುತ್ತಿರುವ ಚಿತ್ರ. ಹಿಂದೆ ಅರ್ಧ ಕಾಣುತ್ತಿದ್ದ ಗೋಡೆ ನಿಜಕ್ಕೂ ಡಕೋಟಾದ ಬಾಗಿಲು. ಬಾಗಿಲಿನ ಪಕ್ಕ ಬಣ್ಣದ ಗೆರೆ ಎಲ್ಲಿ ಮುಗಿಯುತ್ತದೆ ಎಂಬುದು ಅದರಲ್ಲೇ ಸ್ಪಷ್ಟವಾಗಿತ್ತು.

ಸಾಂಬ್ರಾ ಅಥವಾ ಜಾಲಹಳ್ಳಿಯಲ್ಲಿ ತರಬೇತಿ ಪಡೆದವರ ಗುಂಪು ಫೋಟೋಗಳು ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ಅವುಗಳಲ್ಲಿ ಬರೀ ಮನುಷ್ಯರೇ ಇರುತ್ತಾರೆ.

ಎಷ್ಟು ದೊಡ್ಡದಿರುತ್ತದೆ?

ಮೂರು ಅಳತೆ ಇಟ್ಟುಕೊಂಡಿದ್ದೇವೆ. 1:72 ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು. 1:72ರಲ್ಲಿ ಡಕೋಟಾದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 40 ಸೆಂ.ಮೀ., ಪ್ಯಾಕೆಟ್ 46, ಎಎನ್-12 ಹತ್ತಿರ ಹತ್ತಿರ 53. 1:100ರಲ್ಲಿ ಅವೇ 29, 33, 38. 1:144ರಲ್ಲಿ 20, 23, 26.

ಪುಣೆಯ ಫ್ಲ್ಯಾಟ್‌ಗಳ ಶೋಕೇಸ್ ನೋಡಿದರೆ 1:100 ಸರಿ. 1:72ರ ಎಎನ್-12 ತಗೊಂಡು ಹೋದವರು ಟಿವಿ ಜಾಗ ಬದಲಾಯಿಸಬೇಕಾಗಿ ಬಂದದ್ದಿದೆ. ಒಂದಕ್ಕಿಂತ ಹೆಚ್ಚು ವಿಮಾನ ಇಡುವ ಆಸೆ ಇದ್ದರೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ತಗೊಳ್ಳಿ. ಡಕೋಟಾ ಪಕ್ಕ ಎಎನ್-12 ನಿಂತಾಗ ಎಷ್ಟು ದೊಡ್ಡದು ಎಂಬುದು ಕಾಣಬೇಕು, ಅಲ್ವಾ?

ಯಾವ ಮರ?

ಮೈಗೆ ಶಿವನಿ, ಎಂಜಿನ್ ಮತ್ತು ಚಿಕ್ಕ ದುಂಡನೆ ಭಾಗಗಳಿಗೆ ಹಾಲೆ ಮರ, ಸ್ಟ್ಯಾಂಡಿಗೆ ಸಾಗುವಾನಿ.

ಶಿವನಿ ಹಗುರ, ಉಳಿಗೆ ಸಲೀಸು, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಹಾಲೆ ಮರ ಚನ್ನಪಟ್ಟಣದ ಬೊಂಬೆಯವರು ಬಳಸುವ ಮರವೇ. ಅದರ ಎಳೆ ಎಷ್ಟು ನಯ ಎಂದರೆ ಲೇತ್‌ಗೆ ಹಾಕಿ ಡಕೋಟಾದ ಎಂಜಿನ್ ಮುಚ್ಚಳ ತಿರುಗಿಸಿದಾಗ ಅಂಚು ಕಾಗದದಷ್ಟು ತೆಳುವಾದರೂ ಚಕ್ಕೆ ಏಳುವುದಿಲ್ಲ. ಶಿವನಿ, ಸಾಗುವಾನಿ ಎರಡೂ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಹಾಲೆ ಮರ ಮಾತ್ರ ಕರ್ನಾಟಕದ ಕಡೆಯಿಂದ ತರಿಸುತ್ತೇವೆ.

ಫಿಲಿಪ್ಪೀನ್ಸ್‌ನಲ್ಲಿ ಮಾಡುವ ಮಾದರಿಗಳು ಮಹಾಗನಿಯವು. ಅಲ್ಲಿ ಅಮೆರಿಕದ ಕ್ಲಾರ್ಕ್ ವಾಯುನೆಲೆಯ ಸುತ್ತಮುತ್ತ ಈ ಕಸುಬು ಬೆಳೆಯಿತು, ಅವರ ಕೈ ನಿಜಕ್ಕೂ ಪಳಗಿದ ಕೈ. ನಮ್ಮವರು ಕಲಿತದ್ದು ಬೇರೆ ಕಡೆ. ಕೊಪ್ಪಳ ಕಡೆಯ ಬಡಗಿಗಳು ಅವರು, ಚಿಕ್ಕಂದಿನಲ್ಲಿ ಕಿನ್ನಾಳದ ಬೊಂಬೆ ಕೆಲಸ ನೋಡಿ ಬೆಳೆದವರು.

ನಿಜವಾಗಿಯೂ ಕೈಯಲ್ಲೇ ಮಾಡುತ್ತೀರಾ? 3ಡಿ ಪ್ರಿಂಟ್ ಅಲ್ವಾ?

ಮೈ ಮತ್ತು ರೆಕ್ಕೆ ಕೈಯಲ್ಲೇ. ಮರ ಸೀಳುವುದು ಬ್ಯಾಂಡ್‌ಸಾ ಯಂತ್ರದಲ್ಲಿ, ದುಂಡನೆ ಭಾಗ ಲೇತ್‌ನಲ್ಲಿ. ಉಳಿದದ್ದೆಲ್ಲಾ ಉಳಿ, ಅರ, ಮರಳುಕಾಗದ.

ಡಕೋಟಾದ ಮೈ ಹೀಗೆ ತಯಾರಾಗುತ್ತದೆ. ಎರಡು ಮರದ ತುಂಡುಗಳ ನಡುವೆ ಒಂದು ಹಾಳೆ ಕಾಗದ ಇಟ್ಟು ಅಂಟಿಸುತ್ತೇವೆ. ಆ ಕಾಗದದ ಗೆರೆಯೇ ವಿಮಾನದ ನಟ್ಟನಡು. ಕೆತ್ತುವಾಗ ಎಡ ಜಾಸ್ತಿ ಹೋಯಿತಾ, ಬಲ ಜಾಸ್ತಿ ಹೋಯಿತಾ ಎಂದು ಆ ಗೆರೆ ಹೇಳುತ್ತಿರುತ್ತದೆ. ಆಮೇಲೆ ಫರ್ಮಾ. ಮೂಗಿನ ಹತ್ತಿರ, ಕಾಕ್‌ಪಿಟ್ ಹತ್ತಿರ, ರೆಕ್ಕೆ ಕೂರುವಲ್ಲಿ, ಬಾಲದ ಹತ್ತಿರ ಮೈ ಎಷ್ಟು ದುಂಡಗಿರಬೇಕು ಎಂದು ತೆಳು ಪ್ಲೈನಲ್ಲಿ ಕತ್ತರಿಸಿ ಇಟ್ಟುಕೊಂಡಿರುತ್ತೇವೆ. ಫರ್ಮಾ ಹಿಡಿದು ಬೆಳಕಿಗೆ ಎತ್ತಿದಾಗ ಸಂದಿಯಲ್ಲಿ ಬೆಳಕು ಕಂಡರೆ ಅಲ್ಲಿ ಮರ ಕಡಿಮೆಯಾಗಿದೆ ಎಂದರ್ಥ. ಹಾಗಾದರೆ ಆ ತುಂಡು ಮುಗಿಯಿತು. ಮರ ತೆಗೆಯಬಹುದು, ಸೇರಿಸೋಕೆ ಆಗುವುದಿಲ್ಲ.

ಪ್ರೊಪೆಲ್ಲರ್ ಹಿತ್ತಾಳೆ ತಗಡಿನದು. ಲ್ಯಾಂಡಿಂಗ್ ಗೇರ್ ಬೇಕು ಎಂದವರಿಗೆ ಚಕ್ರ ಲೇತ್‌ನಲ್ಲಿ, ಕಾಲು ಹಿತ್ತಾಳೆ ಕಡ್ಡಿಯಲ್ಲಿ. 3ಡಿ ಪ್ರಿಂಟ್ ಕೆಟ್ಟದ್ದು ಎಂದು ನಮ್ಮ ವಾದವಲ್ಲ. ಕೆಲವು ವಿಷಯಕ್ಕೆ ಅದೇ ಚೆನ್ನ. ಆದರೆ ನೀವು ಮರಕ್ಕೆ ದುಡ್ಡು ಕೊಟ್ಟಿದ್ದೀರಿ, ಮರವನ್ನೇ ಕೊಡುತ್ತೇವೆ.

ಮಾದರಿ ಸರಿಯಾಗಿದೆಯಾ ಎಂದು ನಾನು ಹೇಗೆ ಪರೀಕ್ಷಿಸಲಿ?

ಇದನ್ನು ಇನ್ನೂ ಜಾಸ್ತಿ ಜನ ಕೇಳಬೇಕು. ನಮ್ಮಲ್ಲೇ ತಗೊಳ್ಳಿ, ಬೇರೆ ಕಡೆಯೇ ತಗೊಳ್ಳಿ, ಇವಿಷ್ಟು ನೋಡಿ.

ಡಕೋಟಾ: ರೆಕ್ಕೆಯನ್ನು ಮುಂದಿನಿಂದ ನೋಡಿ. ಮೈಯಿಂದ ಎಂಜಿನ್‌ವರೆಗೆ ಅದು ಮಟ್ಟಸ, ಎಂಜಿನ್ ದಾಟಿದ ಮೇಲೆ ಮೇಲಕ್ಕೆ ಏರುತ್ತದೆ. ಬುಡದಿಂದಲೇ ಏರಿದ್ದರೆ ಯಾರೋ ಅಂದಾಜಿನಲ್ಲಿ ಮಾಡಿದ್ದಾರೆ. ಮೇಲಿನಿಂದ ನೋಡಿದರೆ ರೆಕ್ಕೆಯ ಮುಂದಿನ ಅಂಚು ಹಿಂದಕ್ಕೆ ಓರೆ, ಹಿಂದಿನ ಅಂಚು ಹೆಚ್ಚುಕಮ್ಮಿ ನೇರ. ಚಕ್ರ ಒಳಗೆ ಎಳೆದುಕೊಂಡಾಗಲೂ ಅರ್ಧ ಚಕ್ರ ಹೊರಗೆ ಕಾಣಬೇಕು. ಸರಕಿನ ದೊಡ್ಡ ಬಾಗಿಲು ಎಡಗಡೆ, ಹಿಂಭಾಗದಲ್ಲಿ.

ಪ್ಯಾಕೆಟ್: ಎರಡು ಬಾಲದ ತೊಲೆಗಳು, ನಡುವೆ ಪೆಟ್ಟಿಗೆಯಂಥ ಮೈ. ಮೈಯ ಹಿಂದಿನ ತುದಿ ತೊಲೆಗಳ ಮಧ್ಯೆಯೇ ಮುಗಿಯಬೇಕು. ಅದೇ ಬಾಗಿಲಾಗಿ ಎರಡು ಹೋಳಾಗಿ ಪಕ್ಕಕ್ಕೆ ತೆರೆಯುತ್ತಿತ್ತು.

ಕ್ಯಾರಿಬೂ: ರೆಕ್ಕೆ ಮೈಯಿಂದ ಎಂಜಿನ್‌ವರೆಗೆ ತುಸು ಕೆಳಗಿಳಿದು, ಆಮೇಲೆ ಮೇಲೇರುತ್ತದೆ. ಬಾಲ ತುಂಬಾ ಎತ್ತರ. ನೇರ ಹಲಗೆಯಂಥ ರೆಕ್ಕೆ ಇರುವ ಕ್ಯಾರಿಬೂ ಕೊಳ್ಳಬೇಡಿ.

ಎಎನ್-12: ಮೂಗಿನಲ್ಲಿ ಗಾಜು, ಬಾಲದ ತುದಿಯಲ್ಲಿ ಗನ್ನರ್ ಕೂರುವ ಗೂಡು. ಇದನ್ನು ಹಿಂದೆ ಇಳಿಜಾರು ಹಲಗೆ ಬಿಡುವ ಅಮೆರಿಕದ ಸರಕು ವಿಮಾನ ಹರ್ಕ್ಯುಲಿಸ್ ಜೊತೆ ಕಲಸಿಬಿಡುತ್ತಾರೆ. ಹಿಂದಿನ ಬಾಗಿಲು ತೆರೆದು, ಇಳಿಜಾರು ಹಲಗೆ ಕೆಳಗೆ ಬಿಟ್ಟ ಹಾಗೆ ಮಾಡಿಕೊಡಿ ಎಂದು ಕೇಳುವವರಿಗೆ ನಾವು ಆಗಲ್ಲ ಎನ್ನುತ್ತೇವೆ. ಎಎನ್-12ರ ಬಾಗಿಲು ಒಳಕ್ಕೆ, ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಇಳಿಜಾರು ಹಲಗೆ ಬೇರೆಯಾಗಿ ತಂದು ಹಚ್ಚಬೇಕಿತ್ತು.

ರಿವೆಟ್ ಕಾಣುತ್ತಿಲ್ಲವಲ್ಲ ಎಂದು ಬೇಜಾರು ಬೇಡ. 6 ಮಿ.ಮೀ. ರಿವೆಟ್ ತಲೆ 1:72ರಲ್ಲಿ ಒಂದು ಕೂದಲಿನಷ್ಟು. ಕಣ್ಣಿಗೆ ಕಾಣುವ ಹಾಗೆ ರಿವೆಟ್ ಹಾಕಿದರೆ ಅದು ವಿಮಾನಕ್ಕೆ ಸಿಡುಬು ಬಂದ ಹಾಗಿರುತ್ತದೆ.

ಪ್ಯಾಕೆಟ್‌ಗೆ ಯಾಕೆ ಅಷ್ಟು ಬೆಲೆ? ಎಎನ್-12 ಅದಕ್ಕಿಂತ ದೊಡ್ಡದಲ್ವಾ?

ದೊಡ್ಡದು ಹೌದು, ಆದರೆ ಎಎನ್-12 ಒಂದೇ ಮೈ. ಪ್ಯಾಕೆಟ್‌ನಲ್ಲಿ ಎರಡು ತೊಲೆ, ನಡುವೆ ಮೈ, ಹಿಂದೆ ಎರಡೂ ತೊಲೆಗಳನ್ನು ಸೇರಿಸುವ ಅಡ್ಡರೆಕ್ಕೆ. ಒಂದು ತೊಲೆ ಒಂದು ಮಿ.ಮೀ. ಓರೆಯಾದರೂ ಹಿಂದಿನ ಅಡ್ಡರೆಕ್ಕೆ ಸೊಟ್ಟ ನಿಲ್ಲುತ್ತದೆ. ಅದನ್ನು ಸರಿಮಾಡಲು ಹೋದರೆ ಮುಂದಿನ ರೆಕ್ಕೆಯ ಜೋಡಣೆ ಸಡಿಲ. ಹಲಗೆಗೆ ಮೊಳೆ ಹೊಡೆದು ಒಂದು ಚೌಕಟ್ಟು ಮಾಡಿ, ಅದರೊಳಗೆ ಎಲ್ಲಾ ಭಾಗ ಕೂರಿಸಿ, ಅಂಟು ಪೂರ್ತಿ ಒಣಗುವ ತನಕ ಮುಟ್ಟುವುದೇ ಇಲ್ಲ. ನಮ್ಮ ಮಿಸ್ತ್ರಿ ಪ್ಯಾಕೆಟ್ ಆರ್ಡರ್ ಬಂದರೆ ಮುಖ ಗಂಟಿಕ್ಕುತ್ತಾರೆ. ಆದರೆ ಮುಗಿದ ಮೇಲೆ ವರ್ಕ್‌ಶಾಪ್‌ಗೆ ಬಂದವರಿಗೆ ಮೊದಲು ತೋರಿಸುವುದು ಅದನ್ನೇ.

ಒಟ್ಟು ಬೆಲೆ ಎಷ್ಟು?

ವಿಮಾನ, ಅಳತೆ, ಬಣ್ಣ ಮೂರೂ ಗೊತ್ತಾದ ಮೇಲೆ ಹೇಳುತ್ತೇವೆ. ಬೆಲೆ ಏರಿಸುವುದು ಗಾತ್ರಕ್ಕಿಂತ ಬಣ್ಣ. ಹೊಳೆಯುವ ಲೋಹದ ಮೈ ಕಷ್ಟ, ಬಿಳಿ ನೆತ್ತಿ ಮತ್ತು ಗೆರೆ ಇದ್ದರೆ ಇನ್ನೂ ಕಷ್ಟ. ಮುಂಗಡ ಅರ್ಧ. ಹೇಳಿದ ಬೆಲೆ ಆಮೇಲೆ ಬದಲಾಗುವುದಿಲ್ಲ, ಚೌಕಾಸಿಯೂ ಇಲ್ಲ.

ಬೇಗ ಮಾಡಿಕೊಡೋಕೆ ಆಗುತ್ತಾ? ಮಳೆಗಾಲದಲ್ಲಿ ಯಾಕೆ ತಡ?

ಬೇಸಿಗೆಯಲ್ಲಿ ಕೇಳಿದರೆ ಬೇಗ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಬಣ್ಣದ ಕೆಲಸ ಅಂದರೆ ದೇವರಿಗೇ ಪ್ರೀತಿ.

ಕಾರಣ ಇದು. ಲ್ಯಾಕರ್‌ನಲ್ಲಿರುವ ತಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆಯ ಮೈ ಮೇಲೆ ನೀರಿನ ಕಣ ಕೂತು, ಹೊಳೆಯಬೇಕಾದ ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನಿಧಾನ ಆರುವ ತಿನ್ನರ್ ಬೆರೆಸಿದರೆ ಸ್ವಲ್ಪ ತಡೆಯಬಹುದು. ಆದರೆ ಲೋಹದ ಬಣ್ಣಕ್ಕೆ ಅದೂ ಸಾಲದು. ಹಳೆಯ ಡಕೋಟಾ, ಪ್ಯಾಕೆಟ್‌ಗಳ ಅಲ್ಯೂಮಿನಿಯಂ ಹೊಳಪು ಬರಬೇಕೆಂದರೆ ಮೊದಲು ಪ್ರೈಮರ್ ಹಚ್ಚಿ, 400, 800, 1000 ನಂಬರ್ ಕಾಗದದಲ್ಲಿ ನೀರು ಹಾಕಿ ತಿಕ್ಕಿ, ಆಮೇಲೆ ಕನ್ನಡಿಯಂಥ ಕಪ್ಪು ಬಣ್ಣ ಬಳಿದು, ಅದರ ಮೇಲೆ ತೆಳ್ಳಗೆ ಬೆಳ್ಳಿ ಬಣ್ಣ ಸಿಂಪಡಿಸಬೇಕು. ಕೆಳಗಿನ ಕಪ್ಪು ಎಷ್ಟು ನಯವೋ ಮೇಲಿನ ಬೆಳ್ಳಿ ಅಷ್ಟು ನಿಜ. ಕಪ್ಪಿನಲ್ಲಿ ಒಂದು ಗೀರು ಉಳಿದರೂ ಬೆಳ್ಳಿ ಅದನ್ನು ಊರಿಗೆಲ್ಲ ತೋರಿಸುತ್ತದೆ.

ಅಕ್ಟೋಬರ್ 8ರ ವಾಯುಪಡೆ ದಿನಕ್ಕೆ ಬೇಕೆಂದು ಆಗಸ್ಟ್‌ನಲ್ಲಿ ಫೋನ್ ಮಾಡುವವರು ಪ್ರತಿ ವರ್ಷ ಇರುತ್ತಾರೆ. ಲೆಕ್ಕ ಹಾಕಿ ನೋಡಿ: ಮಳೆ, ಆಮೇಲೆ ಗಣಪತಿ. ಪುಣೆಯಲ್ಲಿ ಗಣಪತಿ ಹತ್ತು ದಿನ ಯಾರ ಕೈಯೂ ಕೆಲಸಕ್ಕೆ ಸಿಗದು, ವಿಸರ್ಜನೆ ದಿನ ರಸ್ತೆಯೂ ಸಿಗದು. ಏಪ್ರಿಲ್ ಒಳಗೆ ಹೇಳಿಬಿಡಿ.

ಒಂದು ನಿರ್ದಿಷ್ಟ ಘಟನೆಯ ವಿಮಾನ ಮಾಡಿಕೊಡುತ್ತೀರಾ?

ಅದೇ ನಮಗೆ ಖುಷಿಯ ಕೆಲಸ. ಜನ ಹೆಚ್ಚಾಗಿ ಕೇಳುವವು ಇವು.

1947ರ ಅಕ್ಟೋಬರ್ 27, ಶ್ರೀನಗರ. 1 ಸಿಖ್ ಪಡೆಯ ಸೈನಿಕರನ್ನು ಡಕೋಟಾಗಳು ಇಳಿಸಿದ ದಿನ. ಅವರಲ್ಲಿ ಮೊದಲಿಗರನ್ನು ಹೊತ್ತ ವಿಮಾನದ ನಂಬರ್ ವಿಪಿ 905. 2018ರಲ್ಲಿ ಬ್ರಿಟನ್‌ನಲ್ಲಿ ರಿಪೇರಿಯಾಗಿ ಹಾರುತ್ತಾ ಭಾರತಕ್ಕೆ ಬಂದ 'ಪರಶುರಾಮ' ಡಕೋಟಾಕ್ಕೆ ಅದೇ ನಂಬರ್ ಕೊಟ್ಟಿದ್ದಾರೆ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ವಾಯುಪಡೆಗೆ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಪೈಲಟ್ ಆಗಿದ್ದವರು. ಹಾಗಾಗಿ ವಿಪಿ 905 ಬೇಕು ಎಂದರೆ ನಾವು ತಿರುಗಿ ಕೇಳುತ್ತೇವೆ: 1947ರದ್ದಾ, ಈಗಿನ ಪರಶುರಾಮನಾ? ಎರಡರ ಬಣ್ಣವೂ ಬೇರೆ.

1948ರ ಮೇ 24, ಲೇಹ್. ಸೋನಂ ನೋರ್ಬು ಎಂಬ ಎಂಜಿನಿಯರ್ ಊರಿನವರನ್ನು ಸೇರಿಸಿಕೊಂಡು ಸಿಂಧೂ ನದಿಯ ಪಕ್ಕ ಮಣ್ಣಿನ ಪಟ್ಟಿ ಸಿದ್ಧ ಮಾಡಿದ್ದರು. ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ತಂದು ಅಲ್ಲಿ ಇಳಿಸಿದರು. ಹತ್ತು ಸಾವಿರ ಅಡಿಗೂ ಮೇಲೆ, ಸರಿಯಾದ ನಕ್ಷೆ ಇಲ್ಲದ ದಾರಿಯಲ್ಲಿ. ಅವರ ಜೊತೆ ಕೂತಿದ್ದವರು ನಮ್ಮ ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯ. ಕೊಡಗಿನಿಂದ ಬರುವ ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು ಇದೇ.

1962ರ ಜುಲೈ 23, ಲಡಾಖ್‌ನ ದೌಲತ್ ಬೇಗ್ ಓಲ್ಡಿ. 16,000 ಅಡಿಗೂ ಮೇಲಿನ ಆ ಬಯಲಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ಇಳಿಸಿದರು. 1960ರ ದಶಕದ ನಡುವೆ ಆ ಪಟ್ಟಿ ಬಳಕೆ ನಿಂತು ಹೋಯಿತು. ಆಮೇಲೆ ಅಲ್ಲಿ ಎಎನ್-32 ಇಳಿದದ್ದು 2008ರ ಮೇ 31ರಂದು. ಇದನ್ನು ಕೇಳುವವರಿಗೆ ಎರಡೂ ವಿಮಾನ ಒಂದೇ ಹಲಗೆಯ ಮೇಲೆ ಮಾಡಿಸಿಕೊಳ್ಳಿ ಎಂದು ನಾವೇ ಹೇಳುತ್ತೇವೆ.

1962ರ ಅಕ್ಟೋಬರ್, ಚೀನಾ ಯುದ್ಧದ ವೇಳೆ ಲಡಾಖ್‌ನ ಚುಶೂಲ್. ಎಎನ್-12ಗಳು ಎಎಮ್‌ಎಕ್ಸ್-13 ಟ್ಯಾಂಕ್‌ಗಳನ್ನು ಹೊಟ್ಟೆಯಲ್ಲಿ ಹೊತ್ತು ಅಲ್ಲಿ ಇಳಿಸಿದವು. ಜೊತೆಗೆ ಅದೇ ಅಳತೆಯ ಪುಟ್ಟ ಟ್ಯಾಂಕ್ ಬೇಕಾದರೆ ಮಾಡಿಕೊಡುತ್ತೇವೆ. ಹೊಟ್ಟೆಯೊಳಗೆ ಇಡೋಕೆ ಆಗಲ್ಲ, ವಿಮಾನ ಗಟ್ಟಿ ಮರ.

1971ರ ಡಿಸೆಂಬರ್ 11, ಬಾಂಗ್ಲಾದೇಶದ ತಂಗೈಲ್. 2 ಪ್ಯಾರಾ ಪಡೆ ಪ್ಯಾರಾಚೂಟ್‌ನಲ್ಲಿ ಇಳಿದದ್ದು ಡಕೋಟಾ, ಪ್ಯಾಕೆಟ್, ಎಎನ್-12, ಕ್ಯಾರಿಬೂಗಳಿಂದ. ನಾಲ್ಕೂ ವಿಮಾನ 1:144ರಲ್ಲಿ ಒಂದು ಸೆಟ್ ಮಾಡಿದ್ದೇವೆ. ಅದೇ ಯುದ್ಧದಲ್ಲಿ ಎಎನ್-12ಗಳ ಹಿಂದಿನ ಬಾಗಿಲಿನಿಂದ ಬಾಂಬ್ ಉರುಳಿಸಿ, ಅದನ್ನು ಬಾಂಬರ್ ಆಗಿಯೂ ಬಳಸಿದ್ದರು. ಸರಕು ವಿಮಾನ ಅಂದರೆ ಅಕ್ಕಿ ಮೂಟೆ ಹೊರುವ ಲಾರಿ ಅಂದುಕೊಂಡವರಿಗೆ ಈ ಸೆಟ್ ತೋರಿಸಿ.

ಅಪಘಾತವಾದ ವಿಮಾನದ ಮಾದರಿ ಮಾಡುತ್ತೀರಾ?

ಮಾಡುತ್ತೇವೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ಒಂದು, ಹವಾಮಾನ ಕೆಟ್ಟು ಹಿಂತಿರುಗುವಾಗ ರೋಹ್ತಾಂಗ್ ಕಡೆ ಕಾಣೆಯಾಯಿತು. ಅದರಲ್ಲಿ 102 ಜನ ಇದ್ದರು. ಅವಶೇಷ ಸಿಕ್ಕಿದ್ದು 2003ರಲ್ಲಿ. ಆಮೇಲೂ ವರ್ಷಗಳ ಕಾಲ ಹಿಮನದಿಯಿಂದ ಒಂದೊಂದಾಗಿ ದೇಹಗಳು ಸಿಗುತ್ತಾ ಬಂದಿವೆ.

ಅಂಥ ವಿಮಾನ ಕೇಳಿದವರಿಗೆ ಅದು ಹಾರುತ್ತಿದ್ದ ಹಾಗೆ, ಇಡಿಯಾಗಿ, ಅದರ ನಿಜವಾದ ನಂಬರ್ ಜೊತೆ ಮಾಡಿಕೊಡುತ್ತೇವೆ. ಒಡೆದ ರೆಕ್ಕೆ, ಹಿಮದಲ್ಲಿ ಹೂತ ಬಾಲ, ಇಂಥ ದೃಶ್ಯ ಮಾಡುವುದಿಲ್ಲ. ಯಾರು ಎಷ್ಟು ದುಡ್ಡು ಕೊಟ್ಟರೂ ಇಲ್ಲ.

ಸ್ಟ್ಯಾಂಡ್ ಹೇಗಿರುತ್ತದೆ? ಹೆಸರು ಕನ್ನಡದಲ್ಲಿ ಬರೆಸಬಹುದಾ?

ಸಾಗುವಾನಿ ಹಲಗೆ, ಹಿತ್ತಾಳೆ ಕಡ್ಡಿ. ವಿಮಾನ ತುಸು ಏರುಮುಖವಾಗಿ ನಿಲ್ಲುತ್ತದೆ. ತುಸು ಅಂದರೆ ತುಸುವೇ. ಡಕೋಟಾ ಮೂಗು ಮೇಲೆತ್ತಿ ರಾಕೆಟ್ ತರಹ ನಿಲ್ಲಬೇಕು ಎಂದು ಕೆಲವರಿಗೆ ಆಸೆ. ಅದು ಯಾವತ್ತೂ ಹಾಗೆ ಏರಿದ ವಿಮಾನ ಅಲ್ಲ. ಚಕ್ರದ ಮೇಲೆ ನಿಲ್ಲಿಸಿಕೊಂಡರೆ ಡಕೋಟಾ ಬಾಲ ನೆಲಕ್ಕೆ ಊರಿ ಕೂರುತ್ತದೆ. ನಮಗೆ ಕೇಳಿದರೆ ಅದೇ ಅದರ ನಿಜವಾದ ಭಂಗಿ.

ಹಿತ್ತಾಳೆ ಫಲಕದಲ್ಲಿ ಕನ್ನಡ ಕೆತ್ತುತ್ತೇವೆ. ಒತ್ತಕ್ಷರ ಜಾಸ್ತಿ ಇರುವ ಹೆಸರಾದರೆ ಫಲಕ ಒಂದು ಗೆರೆ ದೊಡ್ಡದು ಬೇಕಾಗುತ್ತದೆ. ಹೆಸರಿನ ಜೊತೆ ಕೆಲಸವನ್ನೂ ಬರೆಸಿ. ಪೈಲಟ್ ಆಗಿರಲೇಬೇಕು ಅಂತೇನಿಲ್ಲ. ನಮ್ಮಲ್ಲಿ ಹೋದ ಫಲಕಗಳಲ್ಲಿ ಫಿಟ್ಟರ್, ಸಿಗ್ನಲರ್, ಲೋಡ್‌ಮಾಸ್ಟರ್ ಇರುವವೇ ಹೆಚ್ಚು.

ಪ್ರೊಪೆಲ್ಲರ್ ತಿರುಗುತ್ತದಾ?

ಊದಿದರೆ ತಿರುಗುತ್ತದೆ. ಮಕ್ಕಳು ಬೆರಳಲ್ಲಿ ತಿರುಗಿಸಿದರೆ ಬಾಗುತ್ತದೆ.

ನಿಜವಾದ ವಿಮಾನ ಎಲ್ಲಿ ನೋಡಬಹುದು?

ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಪ್ಯಾಕೆಟ್, ಎಎನ್-12 ಹೊರಗೆ ಬಯಲಲ್ಲೇ ನಿಂತಿವೆ. ಪುಣೆಯವರಿಗೆ ಹತ್ತಿರದ್ದು ಗೋವಾ. ದಾಬೋಲಿಂ ಪಕ್ಕ, ಬೋಗ್ಮಾಲೋ ದಾರಿಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಅಲ್ಲಿ ಮೂರು ಬಾಲದ ಸೂಪರ್ ಕಾನ್ಸ್ಟೆಲೇಷನ್ ನಿಂತಿದೆ. ಮೊದಲು ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು, ಆಮೇಲೆ ವಾಯುಪಡೆ, ಕೊನೆಗೆ ನೌಕಾಪಡೆ ಸೇರಿದ ವಿಮಾನ. ಬೀಚ್‌ಗೆ ಹೋದವರು ಅರ್ಧ ದಿನ ಇದಕ್ಕೆ ಇಡಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಕೂಡ ನೋಡಿ, ಸರಕು ವಿಮಾನಕ್ಕಿಂತ ಎಂಜಿನ್‌ಗಳಿಗಾಗಿ.

ಲೋಹೆಗಾಂವ್‌ನಲ್ಲಿ ಮಾತ್ರ ಫೋಟೋ ತೆಗೆಯಬೇಡಿ. ಪುಣೆಯ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯಲ್ಲೇ ಇರುವುದು, ಅಲ್ಲಿ ಫೋಟೋ ನಿಷೇಧ. 'ನಿಮ್ಮ ಮಾದರಿಗೆ ಸಹಾಯ ಆಗಲಿ ಅಂತ' ಕಿಟಕಿಯಿಂದ ತೆಗೆದ ಚಿತ್ರ ಕಳಿಸುವವರಿದ್ದಾರೆ. ದಯವಿಟ್ಟು ಬೇಡ.

ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುತ್ತೀರಾ? ವಿದೇಶಕ್ಕೆ?

ಊರಿಗೆ ಬಸ್ ಪಾರ್ಸೆಲ್. ರೆಕ್ಕೆ ಬಿಚ್ಚಲು ಬರುವುದಿಲ್ಲ, ಹಾಗಾಗಿ ಪೆಟ್ಟಿಗೆ ದೊಡ್ಡದಿರುತ್ತದೆ. ವಿಮಾನದ ಆಕಾರಕ್ಕೆ ಫೋಮ್ ಕತ್ತರಿಸಿ ಕೂರಿಸಿ, ಸ್ಟ್ಯಾಂಡ್ ಬೇರೆ ಕಟ್ಟುತ್ತೇವೆ. ಬಂದ ತಕ್ಷಣ ಪೆಟ್ಟಿಗೆ ತೆರೆಯುವ ವಿಡಿಯೋ ಮಾಡಿಕೊಳ್ಳಿ. ರೆಕ್ಕೆ ಮುರಿದಿದ್ದರೆ ಅದನ್ನು ನೋಡಿ ನಾವೇ ಸರಿಮಾಡಿಕೊಡುತ್ತೇವೆ.

ವಿದೇಶಕ್ಕೂ ಕಳಿಸುತ್ತೇವೆ. ಬೀಟೆ ಮರದ ಸ್ಟ್ಯಾಂಡ್ ಕೇಳಬೇಡಿ. ಬೀಟೆಯ ಜಾತಿಯ ಮರಗಳೆಲ್ಲ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿವೆ. ಒಂದು ಚಿಕ್ಕ ಹಲಗೆಗಾಗಿ ಕಾಗದಪತ್ರದ ತಲೆನೋವು ನಮಗೂ ಬೇಡ, ನಿಮಗೂ ಬೇಡ.

ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ಧೂಳಿಗೆ ಮೆತ್ತನೆಯ ಮೇಕಪ್ ಬ್ರಷ್. ಒದ್ದೆ ಬಟ್ಟೆ, ಗಾಜು ಒರೆಸುವ ದ್ರಾವಣ ಬೇಡ. ಲೋಹದ ಬಣ್ಣದ ಮೇಲೆ ಬೆರಳಿನ ಗುರುತು ಕೂರುತ್ತದೆ, ಎತ್ತುವಾಗ ಸ್ಟ್ಯಾಂಡ್ ಹಿಡಿದು ಎತ್ತಿ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಿಟಕಿ, ಎಸಿ ಗಾಳಿ ಹೊಡೆಯುವ ಜಾಗ, ದೇವರ ಮನೆಯ ದೀಪದ ಹತ್ತಿರ, ಈ ಮೂರೂ ಬೇಡ. ಮರಕ್ಕೆ ಬೋರಾಕ್ಸ್ ದ್ರಾವಣ ಕುಡಿಸಿರುತ್ತೇವೆ, ಹುಳ ಸುಲಭಕ್ಕೆ ಬರದು. ಆದರೂ ಸ್ಟ್ಯಾಂಡ್ ಕೆಳಗೆ ನುಣ್ಣನೆ ಪುಡಿ ಉದುರಿದ್ದು ಕಂಡರೆ ತಕ್ಷಣ ಫೋಟೋ ಕಳಿಸಿ.

ಹಳೆಯ ಮಾದರಿ ಮನೆಯಲ್ಲಿದೆ, ರಿಪೇರಿ ಮಾಡುತ್ತೀರಾ?

ಮರದ್ದಾದರೆ ಹೌದು. ಒಂದು ಮಾತು: ಹೊಸ ಬಣ್ಣ ಬಳಿಯಿರಿ ಎಂದು ಹೇಳುವ ಮುಂಚೆ ಯೋಚಿಸಿ. ಸ್ಕ್ವಾಡ್ರನ್‌ನವರು ಬೀಳ್ಕೊಡುವಾಗ ಕೊಟ್ಟ ಮಾದರಿ ಎಷ್ಟು ಒರಟಾಗಿದ್ದರೂ ಅದರ ಬಣ್ಣ ಅದರದ್ದೇ. ಮುರಿದದ್ದನ್ನು ಅಂಟಿಸಿ, ಹೋದ ಪ್ರೊಪೆಲ್ಲರ್ ಹಾಕಿ, ಬಣ್ಣಕ್ಕೆ ಕೈ ಹಚ್ಚದೆ ಕೊಡುವುದೇ ವಾಸಿ ಎಂದು ನಮ್ಮ ಅನಿಸಿಕೆ.

ವರ್ಕ್‌ಶಾಪ್‌ಗೆ ಬಂದು ನೋಡಬಹುದಾ? ಕಲಿಸುತ್ತೀರಾ?

ಶನಿವಾರ ಮಧ್ಯಾಹ್ನ ಬನ್ನಿ, ಮೊದಲು ಫೋನ್ ಮಾಡಿ. ಬಣ್ಣ ಸಿಂಪಡಿಸುವ ದಿನ ಒಳಗೆ ಬಿಡುವುದಿಲ್ಲ. ತರಗತಿ ಅಂತ ನಡೆಸುವುದಿಲ್ಲ. ಆದರೆ ಬೇಸಿಗೆ ರಜೆಯಲ್ಲಿ ಹೈಸ್ಕೂಲ್ ಮಕ್ಕಳು ಬಂದರೆ ಒಂದು ತುಂಡು ಶಿವನಿ, ಒಂದು ಫರ್ಮಾ, ಮರಳುಕಾಗದ ಕೊಟ್ಟು ಕೂರಿಸುತ್ತೇವೆ. ಉಳಿ ಮೊದಲ ದಿನ ಕೊಡುವುದಿಲ್ಲ. ಮರಾಠಿ ಬಾರದಿದ್ದರೂ ಚಿಂತೆ ಇಲ್ಲ, ಇಲ್ಲಿ ಬೈಗುಳ ಸಮೇತ ಎಲ್ಲವೂ ಕನ್ನಡದಲ್ಲೇ ನಡೆಯುತ್ತದೆ.